ಅವನಿಗೆ ಆರತಿ ಎತ್ತಬೇಡಿ!

"ರೀ ಮಿಸ್ಟರ್! ನಮ್ಮನೆ ಕಿಟಕಿ ಮುಟ್ಟೋಕೆ ನಿಮಗೆ ಪರ್ಮಿಶನ್ ಕೊಟ್ಟೋರು ಯಾರು?"

ಹಂಸ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎದುರಿಗೆ ಬೆವರಿನಲ್ಲಿ ಮಿಂದ ಯುವಕನೊಬ್ಬ ವಠಾರದ ಏಳನೇ ರೂಮಿನ ಕಿಟಕಿಯನ್ನೇ ಕಳಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಬಾಡಿಗೆಗೆ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ!

"ತೆಗಿಲಾಕ ಬರ್ತಿರಲಿಲ್ರೀ. ಕಿಟಕಿ ಅಂದಮ್ಯಾಲ ತೆರೀಬೇಕಲ್ರೀ?"

"ಓನರ್‌ನ ಕೇಳ್ಬೇಕು ತಾನೇ?"

"ಕೇಳಬೇಕಂದ್ರ, ಓನರ್ ಮಗಳು ಭಾಳ ಜೋರದಾಳ ಅಂತ ಹೇಳಿದ್ರು. ಅಂಜಿಕಿ ಆಯ್ತುರೀ."

"ಆ ಮಗಳು ನಾನೇ!"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ವಠಾರದ ಕೊನೆಯ ಮನೆಗೂ ಕೇಳುವಂತೆ ನಕ್ಕ.

"ಹೇಳಿದವ್ರು ಖರೇನೇ ಹೇಳ್ಯಾರ ಬಿಡ್ರಿ!"

ಹಂಸ ಮುಖ ತಿರುಗಿಸಿ ಹೊರಟಳು. ಆದರೆ ಗೇಟು ದಾಟುವ ಮೊದಲೇ ಅವಳಿಗೂ ನಗು ಬಂದಿತ್ತು.

ಅದು ಎರಡು ಸಾವಿರದ ಮೂರರ ಮಾರ್ಚ್. ಬೈಯಪ್ಪನಹಳ್ಳಿಯಲ್ಲಿ ಹಂಸಳ ಅಪ್ಪ ಮುನಿವೆಂಕಟಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹತ್ತು ರೂಮುಗಳು ಎದ್ದಿದ್ದವು. ಎಲ್ಲದರಲ್ಲೂ ಕಲಬುರಗಿ ಕಡೆಯವರೇ. ಕಿಟಕಿ ಕಳಚಿದ ಶಿವಪುತ್ರ ಸೇಡಂ ಹತ್ತಿರದ ಹಳ್ಳಿಯವನು. ಹೊಸ ತಿಪ್ಪಸಂದ್ರದ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನು ನಡೆಸುತ್ತಿದ್ದ.

ಅದೇ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಹಂಸಳ ಎಸ್‌ಟಿಡಿ ಬೂತ್ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಿವಪುತ್ರ ಬಂದು ಊರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ, ಅವ್ವನನ್ನು ಕರೆಸುತ್ತಿದ್ದ. ಗಾಜಿನ ಬಾಗಿಲು ಮುಚ್ಚಿದ್ದು ಹೆಸರಿಗೆ ಮಾತ್ರ! ಅವನ ಮಾತು ಪಕ್ಕದ ತರಕಾರಿ ಅಂಗಡಿಗೂ ಕೇಳುತ್ತಿತ್ತು. ವಾರದಲ್ಲಿ ಎಷ್ಟು ರೊಟ್ಟಿ ತಿಂದ, ರೂಮ್‌ಮೇಟ್ ದುರ್ಗೇಶ ಎಷ್ಟು ಗೊರಕೆ ಹೊಡೆದ, ಎಲ್ಲವೂ ಹಂಸಳಿಗೆ ಬಾಯಿಪಾಠ.

ಒಂದು ಭಾನುವಾರ ಅವನು ಗಾಜಿನೊಳಗಿಂದ ಅವಳನ್ನೇ ನೋಡುತ್ತಾ ಹೇಳಿದ.

"ಅವ್ವಾ, ಇಲ್ಲೊಬ್ಬಾಕಿ ಅದಾಳ. ಬೈದ್ರ ಸೈತ ಚಂದ ಕಾಣ್ತಾಳ!"

ಹಂಸಳ ಕಿವಿ ಕೆಂಪಾಯಿತು. 'ಅಯ್ಯೋ ದೇವರೇ… ತರಕಾರಿಯವನಿಗೂ ಕೇಳಿಸ್ತಲ್ಲ!' ಅಂದುಕೊಂಡಳು. ಕೇಳಿಸಿದರೆ ಕೇಳಿಸಲಿ ಎಂದೂ ಅನ್ನಿಸಿತು.

ಆದರೆ ಜುಲೈ ಬರುವಷ್ಟರಲ್ಲಿ ಆ ದನಿ ತಗ್ಗಿತು. ಹತ್ತು ನಿಮಿಷದ ಮಾತು ಎರಡು ನಿಮಿಷಕ್ಕಿಳಿಯಿತು. ಶಿವಪುತ್ರ ಗೋಡೆಯ ಕಡೆ ತಿರುಗಿ ಪಿಸುಗುಟ್ಟತೊಡಗಿದ. ಹಂಸಳನ್ನು ನೋಡುತ್ತಲೇ ಇರಲಿಲ್ಲ.

ಪ್ರೀತಿಸಿದ ಹೆಣ್ಣಿಗೆ ಮೊದಲು ಏನು ಹೊಳೆಯುತ್ತದೋ ಅದೇ ಹಂಸಳಿಗೂ ಹೊಳೆಯಿತು.

"ಊರಲ್ಲಿ ಹುಡುಗಿ ಗೊತ್ತು ಮಾಡಿದ್ರಾ? ಹೇಳ್ಬಿಡಿ. ನಾನೇನು ಅಳ್ತಾ ಕೂರಲ್ಲ."

ಅವನು ಗುರುತು ಸಿಗದವರನ್ನು ನೋಡುವಂತೆ ಅವಳನ್ನು ನೋಡಿ ಹೊರಟುಹೋದ. ಅಳುವುದಿಲ್ಲ ಎಂದವಳು ಬೂತಿನ ಷಟರ್ ಅರ್ಧ ಎಳೆದು ಮನಸಾರೆ ಅತ್ತಳು.

ಮುಂದಿನ ಭಾನುವಾರ ಅವನು ಒಳಗೆ ಹೋಗಿ ಅರ್ಧ ಗಂಟೆ ಹೊರಗೆ ಬರಲೇ ಇಲ್ಲ. ಹಂಸ ರೇಗಿ ಗಾಜು ಬಡಿಯಲು ಎದ್ದಳು. ಕಣ್ಣು ಮೀಟರಿನ ಮೇಲೆ ಬಿತ್ತು.

ಸೊನ್ನೆ.

ಅವನು ನಂಬರು ಒತ್ತಿಯೇ ಇರಲಿಲ್ಲ! ಆದರೂ ರಿಸೀವರಿನೊಳಗೆ ಮಾತಾಡುತ್ತಿದ್ದ.

"ಸಣ್ಣಗ ಮಾತಾಡು ಅವ್ವಾ… ಅವರು ಕೇಳಲತ್ತಾರ. ಗ್ವಾಡಿ ಹಿಂದ ಕುಂತು ಎಲ್ಲಾ ಕೇಳಲತ್ತಾರ…"

ಹಂಸಳ ಸಿಟ್ಟೆಲ್ಲ ಅಲ್ಲಿಯೇ ಇಳಿದುಹೋಯಿತು. ಬೇರೆ ಹುಡುಗಿ ಯಾರೂ ಇಲ್ಲ… ಇದು ಬೇರೆಯೇ ಏನೋ. ಮತ್ತು ಇದನ್ನು ಅವಳು ಹಿಂದೆ ನೋಡಿದ್ದಳು.

ಅವರ ಮನೆಯ ಹಿಂದಿನ ಕೋಣೆಯಲ್ಲಿ ಆಂಜನಮ್ಮತ್ತೆ ಇದ್ದಳು. ಅಪ್ಪನ ಸ್ವಂತ ತಂಗಿ. ಹಂಸ ಶಾಲೆಗೆ ಹೋಗುವಾಗಲೇ ಅತ್ತೆ ನಿದ್ದೆ ಬಿಟ್ಟಿದ್ದಳು, ಊಟ ಬಿಟ್ಟಿದ್ದಳು, ಯಾರಿಗೋ ಉತ್ತರ ಕೊಡುತ್ತಿದ್ದಳು. ಮೈಮೇಲೆ ದೇವಿ ಬಂದಿದ್ದಾಳೆಂದು ಜನ ಏಳು ವರ್ಷ ಆರತಿ ಎತ್ತಿದರು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಅತ್ತೆ ಯಾರನ್ನೂ ಗುರುತಿಸದಂತಾಗಿದ್ದಳು.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಹಂಸ ವಠಾರಕ್ಕೆ ಬಂದಾಗ ಏಳನೇ ರೂಮಿನ ಮುಂದೆ ಜನ ನೆರೆದಿದ್ದರು. ಮಣೆಯ ಮೇಲೆ ಶಿವಪುತ್ರ. ಬೆಳೆದ ಗಡ್ಡ, ಬರಿಗಾಲು, ಗುಳಿಬಿದ್ದ ಕಣ್ಣು. ಹೆಂಗಸರು ಅವನ ಪಾದ ತೊಳೆಯುತ್ತಿದ್ದರು. ಅವಳ ಅಪ್ಪನೇ ತೆಂಗಿನಕಾಯಿ ಹಿಡಿದು ನಿಂತಿದ್ದ.

"ಏನಿದು ದುರ್ಗೇಶ?"

"ಸಣ್ಣಗ ಅನ್ರೀ ಅಕ್ಕೋರೆ. ಶಿವಪುತ್ರ ಶ್ರಾವಣದ ವ್ರತ ಹಿಡಿದಾನ! ಮೂರು ವಾರ ಆಯ್ತು, ನಿದ್ದಿ ಇಲ್ಲ, ರೊಟ್ಟಿ ಇಲ್ಲ, ಮಾತಿಲ್ಲ. ಕೈಗಡಿಯಾರ, ಹೊಸ ಅಂಗಿ, ಎಲ್ಲಾ ದಾನ ಕೊಟ್ಟಾನ. ಶರಣರ ಕಳೆ ಬಂದದ ನೋಡ್ರಿ!"

ಅವರ ಸೀಮೆಯಲ್ಲಿ ಶ್ರಾವಣವೆಂದರೆ ಸಾಮಾನ್ಯವೇ? ಉಪವಾಸ, ಮೌನ, ಬರಿಗಾಲು ಎಲ್ಲವೂ ಇದ್ದದ್ದೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮೂರು ವಾರದ ಹಿಂದೆ ಶ್ರಾವಣ ಶುರುವೇ ಆಗಿರಲಿಲ್ಲ ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಹಂಸ ಜನರನ್ನು ಸರಿಸಿ ಮುಂದೆ ನುಗ್ಗಿದಳು.

"ನಿಲ್ಲಿಸಿ! ಅವನಿಗೆ ಆರತಿ ಎತ್ತಬೇಡಿ! ಇದು ವ್ರತ ಅಲ್ಲ, ಅವನಿಗೆ ಹುಷಾರಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು!"

"ಶಿವ ಶಿವಾ! ಶರಣರಿಗೆ ಹುಚ್ಚ ಅಂತಾಳ!" ಎಂದು ಯಾರೋ ಕೂಗಿದರು.

"ಹಂಸಾ, ಒಳಗ್ ನಡಿ!" ಮುನಿವೆಂಕಟಪ್ಪ ಗದರಿದ. "ಮದ್ವೆ ಆಗ್ಬೇಕಾದ ಹುಡುಗಿ ನೀನು. ಕೆ.ಆರ್. ಪುರದೋರು ನಾಳೆ ನೋಡೋಕೆ ಬರ್ತಾವ್ರೆ. ಮರ್ಯಾದೆ ಕಳೀಬೇಡ!"

"ಆಂಜನಮ್ಮತ್ತೆಗೂ ಹಿಂಗೇ ಆರತಿ ಎತ್ತಿದ್ರಲ್ಲಪ್ಪಾ! ಅವತ್ತು ಕಾಯಿ ಹಿಡ್ಕೊಂಡು ನಿಂತಿದ್ದೂ ನೀವೇ. ಏನ್ ಸಿಕ್ತು ಮರ್ಯಾದೆ? ನಿಮ್ ತಂಗಿ ಇವತ್ತು ನಿಮ್ಮನ್ನ ಅಣ್ಣ ಅಂತಾಳಾ?"

ಮುನಿವೆಂಕಟಪ್ಪ ಕೈಯಲ್ಲಿದ್ದ ಕಾಯಿಯನ್ನೇ ನೋಡಿದ.

ಹಂಸ ನೆಲದ ಮೇಲೆ, ಶಿವಪುತ್ರನ ಎದುರಿಗೆ ಕೂತಳು. ಇವನೂ ಆ ಹಿಂದಿನ ಕೋಣೆಯ ಕತ್ತಲಿಗೆ ಹೋಗಿಬಿಟ್ಟರೆ? ಇವತ್ತು ಬಿಟ್ಟರೆ ಮತ್ತೆ ಸಿಗುತ್ತಾನೋ ಇಲ್ಲವೋ.

"ಶಿವಪುತ್ರ… ನಿಮಗೆ ದನಿ ಕೇಳಿಸ್ತಿದೆ ಅಲ್ವಾ?"

ಅವನು ಬೆಚ್ಚಿ ನೋಡಿದ. "ನಿಮಗೂ ಕೇಳಿಸ್ತದೇನ್ರೀ?"

ಹೂಂ ಅನ್ನುವುದು ಸುಲಭವಿತ್ತು. ಅವಳು ಸುಳ್ಳು ಹೇಳಲಿಲ್ಲ.

"ಇಲ್ಲ. ನಂಗೆ ಕೇಳಿಸಲ್ಲ. ಆದ್ರೆ ನಿಮಗೆ ಎಷ್ಟು ಹಿಂಸೆ ಆಗ್ತಿದೆ ಅಂತ ಕಾಣಿಸ್ತಿದೆ. ನಿದ್ದೆ ಬೇಕಾ ನಿಮಗೆ?"

ಮೂರು ವಾರ ಮೌನವಾಗಿದ್ದ ಶರಣ ಎಲ್ಲರೆದುರಿಗೆ ಮಗುವಿನಂತೆ ಅತ್ತುಬಿಟ್ಟ.

"ಬೇಕ್ರೀ… ಒಂದ್ ತಾಸು ಸಾಕ್ರೀ. ಅವರು ಮಲಗಗೊಡವಲ್ರು. ಭಾಳ ದಣದೀನ್ರೀ…"

ಆರತಿಯ ತಟ್ಟೆ ಹಿಡಿದವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. ದುರ್ಗೇಶ ತಲೆ ಚಚ್ಚಿಕೊಂಡು ಅಳತೊಡಗಿದ. ಮುನಿವೆಂಕಟಪ್ಪ ಕಾಯಿಯನ್ನು ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, ಆಟೋ ತರಲು ತಾನೇ ಹೋದ.

ಹೊಸೂರು ರಸ್ತೆಯ ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಬರೆದುಕೊಂಡರು. "ಶುರುವಲ್ಲೇ ಕರ್ಕೊಂಡು ಬಂದಿದ್ದೀರ, ಒಳ್ಳೇದಾಯ್ತು. ಮಾತ್ರೆ ಬಿಡದೆ ತಗೊಂಡ್ರೆ ಕೆಲಸಕ್ಕೂ ಹೋಗ್ಬಹುದು, ಸಂಸಾರಾನೂ ಮಾಡ್ಬಹುದು," ಎಂದರು. ಹಂಸ ಫೋನ್ ಮಾಡಿ ಕರೆಸಿದ ಅವನ ಅವ್ವ ಜಟ್ಟೆಮ್ಮ ಮರುದಿನವೇ ರೈಲಿನಲ್ಲಿ ಬಂದು ಮಗನ ತಲೆಯ ಹತ್ತಿರ ಕೂತಳು. ಅಷ್ಟು ಹೊತ್ತಿಗೆ ಮಗ ನಿದ್ದೆಹೋಗಿದ್ದ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಎಲ್ಲಿ ಮುಗಿಯುತ್ತದೆ!

ತಿಂಗಳ ನಂತರ ಶಿವಪುತ್ರ ವಠಾರಕ್ಕೆ ಮರಳಿದ. ದನಿಗಳು ನಿಂತಿದ್ದವು, ಬುದ್ಧಿ ತಿಳಿಯಾಗಿತ್ತು. ಅದಕ್ಕೇ ಜನ ತನ್ನನ್ನು ನೋಡುವ ರೀತಿಯೂ ಸ್ಪಷ್ಟವಾಗಿ ಕಂಡಿತು. ನೇರ ಹಂಸಳ ಬೂತಿಗೆ ಬಂದ.

"ನಾ ನಿಮಗೇನು ಅನ್ಯಾಯ ಮಾಡಿದ್ದೆರೀ? ಅವತ್ತು ಇವರೇ ನನ್ನ ಪಾದ ತೊಳೀತಿದ್ರು. ಇವತ್ತು ನನ್ನ ನೋಡಿ ಮಕ್ಕಳನ್ನ ಒಳಗ ಕರಕೊಂತಾರ. ಎಲ್ಲಾರ ಮುಂದ ನನ್ನ ಹುಚ್ಚನ್ನ ಮಾಡಿಬಿಟ್ರಿ!"

ಹಂಸ ತಲೆ ತಗ್ಗಿಸಲಿಲ್ಲ.

"ದೇವ್ರಾಗಿ ಸತ್ತೋಗೋದಕ್ಕಿಂತ ಮನುಷ್ಯನಾಗಿ ನನ್ನ ಬೈಯೋದು ವಾಸಿ. ಬೈರಿ, ಎಷ್ಟು ಬೇಕಾದ್ರೂ ಬೈರಿ. ಆದ್ರೆ ಮಾತ್ರೆ ಮಾತ್ರ ಬಿಡ್ಬೇಡಿ!"

ಅವನು ಅವ್ವನ ಜೊತೆ ಊರಿಗೆ ಹೋದ. ಕಾಗದವಿಲ್ಲ, ಫೋನಿಲ್ಲ. ಕೆ.ಆರ್. ಪುರದವರು ಹುಚ್ಚನ ಜೊತೆ ಆಟೋದಲ್ಲಿ ತಿರುಗಿದ ಹುಡುಗಿ ಬೇಡವೆಂದು ಆಗಲೇ ಹೇಳಿಕಳಿಸಿದ್ದರು. "ಅಂಥ ಮನೆ ನಂಗೂ ಬೇಡ!" ಎಂದು ಹಂಸ ತಿರುಗಿ ಹೇಳಿಕಳಿಸಿದ್ದಳು. ಹೊರಗೆ ಹೀಗೆ ಜಗಳ. ಒಳಗೆ ಮಾತ್ರ ಒಂದೇ ಪ್ರಶ್ನೆ ಅವಳನ್ನು ತಿನ್ನುತ್ತಿತ್ತು. 'ಮಾತ್ರೆ ತಗೋತಿದ್ದಾನೋ… ಇಲ್ಲವೋ…'

ಫೆಬ್ರವರಿಯ ಒಂದು ಮಧ್ಯಾಹ್ನ ಬೂತಿನೆದುರು ನೆರಳು ಬಿತ್ತು. ತಲೆಯೆತ್ತಿದರೆ ಶಿವಪುತ್ರ! ಸ್ವಲ್ಪ ದಪ್ಪಗಾಗಿದ್ದ, ಗಡ್ಡ ನುಣ್ಣಗೆ ಬೋಳಿಸಿದ್ದ.

"ಫೋನಾ?" ಎಂದಳು.

"ಅಲ್ರೀ. ನಿಮ್ಮ ಹಂತ್ಯಾಕೇ ಬಂದೀನಿ. ವರ್ಕ್‌ಶಾಪಿನವ್ರು ಮತ್ತ ತಗೊಂಡಾರ. ಮಾತ್ರಿ ಒಂದಿನಾನೂ ಬಿಟ್ಟಿಲ್ಲ." ಅವನು ಕಣ್ಣು ತಗ್ಗಿಸಿದ. "ಅವ್ವ ಅಂದ್ಲು, ಎಲ್ಲಾರೂ ನಿನ್ನ ಕಾಲು ನೋಡಿದ್ರು, ಆ ಹುಡುಗಿ ಒಬ್ಬಾಕಿ ಮಾರಿ ನೋಡಿದ್ಲು ಅಂತ. ನಾ ತಪ್ಪು ಮಾತಾಡಿದ್ನಿ. ಕ್ಷಮಾ ಮಾಡ್ರಿ."

ಹಂಸ ಕಣ್ಣೊರೆಸಿಕೊಂಡಳು. "ಐದು ತಿಂಗಳು ಬೇಕಾಯ್ತಾ ಇಷ್ಟು ಹೇಳೋಕೆ?"

"ಅಂಜಿಕಿರೀ. ನನ್ನಂಥವಂಗ ಯಾರು ಹೆಣ್ಣು ಕೊಡ್ತಾರ? ನಿಮ್ಮ ಅಪ್ಪಾರು…"

"ಅಪ್ಪಂಗೆ ಆಗ್ಲೇ ಹೇಳಿದೀನಿ."

"ಏನಂದ್ರು?"

"ಕೂಗಾಡಿದ್ರು. ನಾನೂ ಕೂಗಾಡ್ದೆ. ನನ್ ಗಂಟಲೇ ಜೋರು. ಈಗ ತಿಂಗಳಿಗೊಂದು ಸಲ ಅತ್ತೇನೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾವ್ರೆ."

ಅವನು ನಗಲು ಹೋದ, ಆಗಲಿಲ್ಲ. ಕೌಂಟರಿನ ಅಂಚು ಹಿಡಿದು ನಿಂತ.

"ಹಂಸಾ… ಮತ್ತ ಹಂಗಾದ್ರ?"

"ಮತ್ತೆ ಕರ್ಕೊಂಡು ಹೋಗ್ತೀನಿ."

"ನಾ ಬರಂಗಿಲ್ಲ ಅಂತ ಬೈದ್ರ?"

ಅವಳು ಅವನ ಕೈಯ ಮೇಲೆ ಕೈಯಿಟ್ಟಳು, ಮಾರ್ಕೆಟ್ ರಸ್ತೆಯೆಲ್ಲ ನೋಡುತ್ತಿದ್ದರೂ.

"ಬೈಸ್ಕೊಂಡೇ ಕರ್ಕೊಂಡು ಹೋಗ್ತೀನಿ!"