ಆರಲೇಬೇಕಿದ್ದ ದೀಪ

ಮಧ್ಯಾಹ್ನದ ಆಟಕ್ಕೆ ಚಿಕ್ಕಮ್ಮ ಮತ್ತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು, ಕರ್ಚೀಫು ಆಗಲೇ ಕೈಯಲ್ಲಿತ್ತು. ನಾಯಕ ಸಾಯುವುದು ಗೊತ್ತಿದ್ದೂ ಯಾಕೆ ಬರ್ತೀಯ ಎಂದು, ಪರದೆಯ ಹಿಂದೆ ನಿಂತು ನಾಟಕ ನಡೆಸುವ ಇವಳು ಕೇಳಿದ್ದಕ್ಕೆ, "ಇವತ್ತಾದ್ರೂ ಬದುಕ್ತಾನೇನೋ ಅಂತ ಕಣೆ" ಎಂದಳು.

ನಾಟಕ ತೀರಾ ಹಳೆಯದು. ನಾಯಕಿಯ ಕಿಟಕಿಯಲ್ಲಿ ದೀಪ ಉರಿಯುತ್ತಿದ್ದರೆ ಅವಳಿಗೆ ಮನಸ್ಸಿದೆ ಎಂದರ್ಥ. ಅವಳು ಎಣ್ಣೆ ತರಲು ಹೋದಾಗ ದೀಪ ಆರುತ್ತದೆ, ಕೈಬಿಟ್ಟಳೆಂದು ನಾಯಕ ವಿಷ ಕುಡಿಯುತ್ತಾನೆ. ಆ ದೀಪ ಸಭೆಯ ಹಿಂದಿನ ಗಾಜಿನ ಕೋಣೆಯಲ್ಲಿ ಕೂರುವ ಲೈಟಿನವನ ಕೈಯಲ್ಲಿತ್ತು. ಪರದೆಯ ಪಕ್ಕದಿಂದ ಇವಳು ಹೆಡ್‌ಸೆಟ್‌ನಲ್ಲಿ "ಗೋ" ಎಂದರೆ ಮಾತ್ರ ಅವನು ಆರಿಸಬೇಕು. ಒಂದು ಕ್ಷಣವೂ ತಪ್ಪದ ಇವಳಿಗೆ ಅವನಿಟ್ಟ ಹೆಸರು ಗಡಿಯಾರ.

ಇವತ್ತು ಅವನ ಕೊನೆಯ ಆಟ. ಸಂಜೆಯ ರೈಲಿಗೆ ಬೇರೆ ನಾಟಕ ಕಂಪನಿ ಸೇರಲು ಹೊರಟಿದ್ದ. ಹೋಗಬೇಡಿ ಅನ್ನಲು ಇವಳಿಗೆ ಬಾಯೇ ಬಂದಿರಲಿಲ್ಲ.

ಆ ಗಳಿಗೆ ಬಂತು. ಗಾಜಿನಾಚೆ ಅವನು ಎಂದಿನಂತೆ ಒಂದು ಬೆರಳೆತ್ತಿ, ಸಿದ್ಧ ಎಂದು ಕಣ್ಣಲ್ಲೇ ನಕ್ಕ. ಇವಳು "ಗೋ" ಅನ್ನಲಿಲ್ಲ.

ದೀಪ ಉರಿಯುತ್ತಲೇ ಇತ್ತು. ನಾಯಕ ವಿಷದ ಬಟ್ಟಲು ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತ. ಸಭೆಯೆಲ್ಲ ಕುರ್ಚಿಯ ತುದಿಗೆ ಬಂದಿತ್ತು, ಚಿಕ್ಕಮ್ಮ ಎದ್ದೇ ನಿಂತಿದ್ದಳು.

"ಗಡಿಯಾರ ನಿಂತೋಯ್ತಾ? ಆರಿಸ್ಲಾ?" ಎಂದ ಲೈಟಿನವನು ಹೆಡ್‌ಸೆಟ್‌ನಲ್ಲಿ.

"ಬೇಡ. ಆರಿಸಿದ್ರೆ ಆಟ ಮುಗಿಯುತ್ತೆ, ನೀವು ಹೊರಟ್ಹೋಗ್ತೀರಿ."

ಗಾಜಿನಾಚೆ ಅವನು ಎತ್ತಿದ್ದ ಬೆರಳು ಕೆಳಗಿಳಿಸಿದ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ನೀವು ಕೇಳಿದ್ರಾ?"

"ನಾನೂ ಈ ನಾಯಕನ ಥರಾನೇ ಪೆದ್ದ, ಕೇಳ್ದೇನೇ ಹೊರಟಿದ್ದೆ. ಹೋಗಲ್ಲ. ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲ್ಲ."

ಹೆಡ್‌ಸೆಟ್‌ನಲ್ಲಿ ನಿರ್ದೇಶಕರೂ ಇದ್ದಾರೆ ಎಂಬುದು ಇಬ್ಬರಿಗೂ ಮರೆತೇ ಹೋಗಿತ್ತು. ಅವರು ಗಂಟಲು ಸರಿಮಾಡಿಕೊಂಡು, "ಸಂತೋಷ. ಈಗ ದಯವಿಟ್ಟು ಅವನನ್ನ ಸಾಯೋಕೆ ಬಿಡಿ" ಎಂದರು.

"ಗೋ" ಎಂದಳು, ನಗು ತಡೆಯಲಾಗದೆ. ದೀಪ ಆರಿತು. ಸಭೆ ಒಟ್ಟಿಗೆ ನಿಟ್ಟುಸಿರು ಬಿಟ್ಟಿತು. ಕತ್ತಲಲ್ಲಿ ಇವಳೂ ಅತ್ತಳು, ಆದರೆ ನಾಯಕನಿಗಾಗಿ ಅಲ್ಲ.

ಆಟ ಮುಗಿದ ಮೇಲೆ ಚಿಕ್ಕಮ್ಮ ಮೂಗೊರೆಸಿಕೊಳ್ಳುತ್ತಾ ಬಂದಳು. "ಇವತ್ತು ಬದುಕೇಬಿಟ್ಟ ಅನ್ಕೊಂಡೆ ಕಣೆ. ಇನ್ನೇನು, ಅವಳು ಓಡಿ ಬಂದೇಬಿಡ್ತಾಳೆ ಅನ್ಸಿತ್ತು. ನಾಳೆ ಮತ್ತೆ ಬರ್ತೀನಿ."

ಲೈಟಿನವನು ಇವಳ ಬೆರಳಿಗೆ ಬೆರಳು ಹೆಣೆದುಕೊಂಡೇ ಹೇಳಿದ:

"ಬನ್ನಿ ಚಿಕ್ಕಮ್ಮ. ನಾಳೆನೂ ದೀಪ ಆರಿಸೋನು ನಾನೇ."