ಬ್ರಷ್ ಮಾವನ ಮಾಸ್ಕು

ದೆವ್ವಕ್ಕಿಂತ ಬೂಷ್ಟಿಗೆ ಹೆಚ್ಚು ಹೆದರುವವಳು ನಾನು. ದಾಖಲೆ ಕೋಣೆಯಲ್ಲಿ ಹಳೆಯ ಕಡತಗಳಿಗೆ ಹಿಡಿದ ಬೂಷ್ಟನ್ನು ಬ್ರಷ್ಷಿನಿಂದ ತೆಗೆಯುವುದೇ ನಮ್ಮ ಕೆಲಸ. ಅದರ ಪುಡಿ ಉಸಿರಿಗೆ ಸೇರದಿರಲೆಂದು ಮಾಸ್ಕು. ಪ್ರತಿ ಸೋಮವಾರ ಮಾಸ್ಕುಗಳಿಗೆ ಬಿಳಿಯ ಹೊಸ ಫಿಲ್ಟರ್ ಹಾಕುವವಳು ನಾನೇ. ಶನಿವಾರದ ಹೊತ್ತಿಗೆ ಅದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

ನನ್ನ ಜೊತೆಗಿದ್ದವರು ಬ್ರಷ್ ಮಾವ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯರು. ಮಾಸ್ಕು ಬರುವ ಮೊದಲೇ ಇಪ್ಪತ್ತು ವರ್ಷ ಆ ಪುಡಿ ಕುಡಿದವರು. ಬೂಷ್ಟು ಹೆಚ್ಚಿರುವ ಕಟ್ಟು ಬಂದರೆ ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. "ನಿಂಗೆ ಚಿಕ್ಕ ಮಕ್ಳಿದಾರಮ್ಮ. ನನ್ನೆದೆ ಹೆಂಗೂ ಹಳೇ ಗೋಡೌನು, ಇಲ್ಲಿ ಕೊಡು." ಹೋದ ಚಳಿಗಾಲದಲ್ಲಿ ಆ ಎದೆಯೇ ಅವರ ಜೀವ ತೆಗೆಯಿತು.

ಮುಂದಿನ ಸೋಮವಾರ ರೂಢಿಬಲದಿಂದ ಅವರ ಮಾಸ್ಕಿಗೂ ಫಿಲ್ಟರ್ ಹಾಕಿಬಿಟ್ಟೆ. ತೆಗೆಯಲು ಮನಸ್ಸಾಗದೆ ಅವರ ಮೊಳೆಗೇ ನೇತುಹಾಕಿದೆ. ಶನಿವಾರ ನೋಡಿದರೆ ಬೂದಿ ಬಣ್ಣ. ಒಳಗೆ ಒದ್ದೆ, ಈಗಷ್ಟೇ ಮುಖದಿಂದ ತೆಗೆದಂತೆ ಬೆಚ್ಚಗೆ.

"ಗಾಳೀಲಿರೋ ಧೂಳು ಕೂತಿರುತ್ತೆ, ಬಿಡಮ್ಮ," ಎಂದರು ಮೇಲ್ವಿಚಾರಕರು.

"ಮುಟ್ಟಿ ನೋಡಿ ಸಾರ್."

ಮುಟ್ಟಿದರು. ಬೆರಳುಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ ಹೊರಟವರು ಮತ್ತೆ ಈ ಕೋಣೆಗೆ ಕಾಲಿಟ್ಟಿಲ್ಲ.

ಹನ್ನೊಂದು ವಾರವಾಯಿತು, ಮಾವನ ಮಾಸ್ಕಿಗೆ ಇನ್ನೂ ಫಿಲ್ಟರ್ ಹಾಕುತ್ತಲೇ ಇದ್ದೇನೆ. ಕಳೆದ ವಾರವಿಡೀ ನೆಲಮಾಳಿಗೆಯಿಂದ ಬಂದ ಅತಿ ಕೆಟ್ಟ ಕಟ್ಟುಗಳನ್ನು ನಾನೊಬ್ಬಳೇ ಬಿಚ್ಚಿದೆ. ಶನಿವಾರ ಅವರ ಫಿಲ್ಟರ್ ಕಪ್ಪಾಗಿತ್ತು. ಆರು ದಿನ ನಾನು ಉಸಿರಾಡಿದ ನನ್ನ ಫಿಲ್ಟರ್, ಸೋಮವಾರ ಹಾಕಿದಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು.