ನಡುಕೋಣೆಯ ಗೋಡೆ

"ಆ ಗೋಡೆ ಮುಟ್ಟಬೇಡಿ."

ಮಿಲೇನಾ ಬೆಚ್ಚಿ ತಿರುಗಿದಳು. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ನೋಡುತ್ತಿದ್ದವಳ ಕೈ ಗಾಳಿಯಲ್ಲೇ ನಿಂತಿತು.

ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಎತ್ತರದ ಆಳು, ಭುಜದ ಮೇಲೆ ಫೆಬ್ರವರಿಯ ಹಿಮ ಇನ್ನೂ ಕರಗಿರಲಿಲ್ಲ. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ತಲೆಯ ಮೇಲಿನ ಕಮಾನು ಚಾವಣಿಯನ್ನು.

ತನ್ನನ್ನು ಈ ಮನೆಯ ಯಜಮಾನಿಯೇ ಕರೆಸಿದ್ದಾರೆ, ಅಳತೆ ತೆಗೆಯಲು ಬಂದಿದ್ದೇನೆ ಎಂದು ಮಿಲೇನಾ ಹೇಳಿದಳು.

"ಅಳೀರಿ. ಆದ್ರೆ ಕಣ್ಣಲ್ಲಿ ಅಳೀರಿ," ಎಂದು ಅವನು ಹೊರಟುಹೋದ.

ಎಂಥ ಮನುಷ್ಯ ಇವನು... ಅವಳಿಗೆ ಕೋಪ ಬಂತು. ಆದರೆ ಆ ದನಿಯಲ್ಲಿ ಇದ್ದದ್ದು ಸೊಕ್ಕಲ್ಲ, ಹೆದರಿಕೆ. ಅದು ಅವಳಿಗೆ ಆಮೇಲೆ, ಗುಡ್ಡದ ಮೆಟ್ಟಿಲು ಇಳಿಯುವಾಗ ಹೊಳೆಯಿತು.

ಅವನ ಹೆಸರು ದೊನಾತೊ. ಶಾಲೆಯ ಬಸ್ಸು ಓಡಿಸುತ್ತಿದ್ದ. ಎರಡು ವರ್ಷದ ಮಗುವಾಗಿದ್ದಾಗ, ಸಾವಿರದ ಒಂಬೈನೂರ ಎಂಬತ್ತರ ಭೂಕಂಪದಲ್ಲಿ ತಾಯಿ ಅಸ್ಸೂಂತಾಳನ್ನು ಕಳೆದುಕೊಂಡಿದ್ದ. ಸಾಕಿದವಳು ಸೋದರತ್ತೆ ಇಮ್ಮಕೊಲಾತಾ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಎಪ್ಪತ್ತರ ಅತ್ತೆಗೆ ಮಂಡಿ ನೋವು. ಮೇಲಿನ ಮಹಡಿಯ ಮಲಗುವ ಕೋಣೆ ಕೆಳಗೆ ಬರಬೇಕು, ಅಡುಗೆಮನೆಗೆ ಬೆಳಕು ಬರಬೇಕು, ಅದಕ್ಕೆ ಅಡ್ಡವಾಗಿರುವ ನಡುಕೋಣೆಯ ಗೋಡೆ ಹೋಗಬೇಕು ಎಂಬುದು ಅವಳ ಹಟ.

"ಅಸ್ಸೂಂತಾ ಸತ್ತಿದ್ದು ಆ ಕೋಣೇಲೇ ಕಣೇ," ಎಂದಿದ್ದಳು ಮೊದಲ ದಿನ. "ಮೂವತ್ತು ವರ್ಷದಿಂದ ಕತ್ತಲೆ. ನಾನು ಸಾಯೋ ಮುಂಚೆ ಅಲ್ಲಿ ಬಿಸಿಲು ಬೀಳೋದು ನೋಡಬೇಕು."

ಆ ಮನೆಯ ಕೆಲಸ ಸಿಕ್ಕಿದೆ ಎಂದಾಗ ಮಿಲೇನಾಳ ಅಪ್ಪ ಎರ್ಮಾನ್ನೊ ತಿನ್ನುತ್ತಿದ್ದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟಿದ್ದ. ಅವನೂ ಒಂದು ಕಾಲದಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದವನೇ. ಬೇರೆ ಕೆಲಸ ನೋಡಿಕೋ ಎಂದಷ್ಟೇ ಹೇಳಿದ. ಕಾರಣ ಕೇಳಿದರೆ ಎದ್ದುಹೋದ. ಆ ಬೀದಿಗೆ ಅಪ್ಪ ಕಾಲಿಟ್ಟದ್ದನ್ನು ತಾನು ಎಂದೂ ನೋಡಿಲ್ಲವೆಂಬುದು ಅವಳಿಗೆ ಅಂದು ಮೊದಲ ಸಲ ನೆನಪಾಯಿತು.

ಆದರೂ ಅವಳು ಹೋದಳು.

ಮಕ್ಕಳನ್ನು ಶಾಲೆಗೆ ಬಿಟ್ಟು ದೊನಾತೊ ಒಂಬತ್ತಕ್ಕೆಲ್ಲ ಮನೆಗೆ ಬರುತ್ತಿದ್ದ. ಮೊದಮೊದಲು ದೂರ ನಿಂತು ನೋಡುತ್ತಿದ್ದವನು ಮೂರನೆಯ ದಿನ ತಾನಾಗಿಯೇ ಟೇಪಿನ ಇನ್ನೊಂದು ತುದಿ ಹಿಡಿದ. ಮನೆಯ ಅಳತೆಗಳನ್ನು ಅವಳಿಗಿಂತ ಮೊದಲೇ ಬಾಯಲ್ಲಿ ಹೇಳುತ್ತಿದ್ದ. ಯಾವ ಮೆಟ್ಟಿಲು ಒಂದು ಬೆರಳು ಗಿಡ್ಡ, ಯಾವ ಕಿಟಕಿ ಚಳಿಗಾಲದಲ್ಲಿ ಉಬ್ಬುತ್ತದೆ, ಎಲ್ಲವೂ ಅವನಿಗೆ ಗೊತ್ತಿತ್ತು. ಮಧ್ಯಾಹ್ನ ಅತ್ತೆ ಹಿಟ್ಟನ್ನು ಬೆರಳಲ್ಲಿ ಒತ್ತಿ ಕವತೆಲ್ಲಿ ಎಂಬ ಪುಟ್ಟ ಪಾಸ್ತಾ ಮಾಡುವಾಗ ಅವರಿಬ್ಬರೂ ಮೇಜಿನ ಎದುರುಬದುರು ಕೂತು ಜಗಳವಾಡುತ್ತಿದ್ದರು. ಮೆಟ್ಟಿಲು ಎಲ್ಲಿ ತಿರುಗಬೇಕು, ಸ್ನಾನದ ಕೋಣೆ ಎಲ್ಲಿ ಬರಬೇಕು ಎಂದು. ಜಗಳದ ನಡುವೆ ಅವನು ನಕ್ಕರೆ ಮಿಲೇನಾಳಿಗೆ ಬರೆಯುತ್ತಿದ್ದ ಅಂಕಿಯೇ ಮರೆತುಹೋಗುತ್ತಿತ್ತು.

ಇದು ಸರಿಯಲ್ಲ, ನಾನು ಬಂದಿರೋದು ಕೆಲಸಕ್ಕೆ... ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ನಡುಕೋಣೆಯ ಮಾತು ಬಂದರೆ ಮಾತ್ರ ಅವನ ಮುಖ ಕಲ್ಲಾಗುತ್ತಿತ್ತು.

ಆ ಗೋಡೆ ತಟ್ಟಿದರೆ ಡೊಳ್ಳಿನಂತೆ ಸದ್ದು ಮಾಡುತ್ತಿತ್ತು. ಮನೆಯ ಉಳಿದ ಗೋಡೆಗಳೆಲ್ಲ ಮೊಳ ದಪ್ಪದ ಕಲ್ಲಿನವು, ಇದೊಂದು ಟೊಳ್ಳು ಇಟ್ಟಿಗೆಯದು. ಯಾರೋ ಆಮೇಲೆ ಕಟ್ಟಿದ ಅಡ್ಡಗೋಡೆ, ಮೇಲಿನ ಭಾರವೇನೂ ಇದರ ಮೇಲಿಲ್ಲ ಎಂದು ಮಿಲೇನಾ ತೀರ್ಮಾನಿಸಿದ್ದಳು. ತೆಗೆಯಬಹುದು ಎಂದು ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಕೆಳಗೆ ಸಹಿ ಹಾಕಿ, ಒಂದು ಪ್ರತಿಯನ್ನು ಅತ್ತೆಗೆ ಕೊಟ್ಟಿದ್ದಳು.

ಮಾರ್ಚಿನ ಮೊದಲ ವಾರ ಅದೇ ಗೋಡೆಯ ನೆತ್ತಿಯಲ್ಲಿ ಒಂದು ಬಿರುಕು ಕಾಣಿಸಿತು. ಕೂದಲಿನಷ್ಟು ಸಣ್ಣದು. ಅವಳು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿದಳು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಮಾರನೆಯ ದಿನ ಗಾಜು ಹಾಗೆಯೇ ಇತ್ತು. ಮೂರನೆಯ ದಿನ ನಡುಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಅದು. ನಾಲ್ಕನೆಯ ದಿನ, ಶುಕ್ರವಾರ, ಗಾಜು ಎರಡು ತುಂಡಾಗಿತ್ತು.

ಭಾರವಿಲ್ಲದ ಗೋಡೆ ಯಾಕೆ ಅಲುಗಬೇಕು?

ದೊನಾತೊನನ್ನು ಹುಡುಕಿಕೊಂಡು ಮಹಡಿಗೆ ಹೋದಳು. ಅವನು ಅಪ್ಪನ ಪೆಟ್ಟಿಗೆಯ ಮುಂದೆ ಕೂತಿದ್ದ. ಕೈಯಲ್ಲಿ ಹಳದಿಯಾದ ಒಂದು ದೊಡ್ಡ ಕಾಗದ. ಅವಳನ್ನು ಕಂಡವನೇ ಅದನ್ನು ಮಡಚಿ ಅಂಗಿಯೊಳಗೆ ತುರುಕಿದ.

"ಅದು ಈ ಮನೆ ನಕ್ಷೆ ಅಲ್ವಾ? ತೋರಿಸಿ. ಈ ಗೋಡೆಗೆ ಮುಂಚೆ ಏನು ಮಾಡಿದ್ರು ಅಂತ ನನಗೆ ಗೊತ್ತಾಗಬೇಕು."

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ.

"ನೀವು ಈ ಕೆಲಸ ಬಿಟ್ಟುಬಿಡಿ, ಮಿಲೇನಾ. ಬೇರೆ ಯಾರನ್ನಾದ್ರೂ ಕರೀತೀನಿ."

"ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ಹಾಗೇ ಅಂದ್ಕೊಳ್ಳಿ."

ಇಷ್ಟು ದಿನದ ನಗು, ಆ ಜಗಳ, ಟೇಪಿನ ತುದಿಯಲ್ಲಿ ತಾಕಿದ ಬೆರಳು... ಎಲ್ಲವೂ ತನ್ನ ಭ್ರಮೆಯೇ? ಆ ಗೋಡೆಯ ಹತ್ತಿರ ಯಾರೂ ಹೋಗದಂತೆ ನೋಡಿಕೊಳ್ಳಿ, ಸೋಮವಾರ ಬರುವ ಗಾರೆಯವರನ್ನು ತಡೆಯಿರಿ ಎಂದಷ್ಟೇ ಹೇಳಿ ಅವಳು ಮೆಟ್ಟಿಲಿಳಿದಳು. ತಡೆಯುತ್ತೇನೆ ಎಂದು ಅವನು ಮಾತು ಕೊಟ್ಟ. ಅಂದೇ ಗಾರೆಯವನಿಗೆ ಫೋನು ಮಾಡಿ ಬರಬೇಡ ಎಂದೂ ಹೇಳಿದ. ಅತ್ತೆ ಭಾನುವಾರ ತಾನೇ ಫೋನು ಮಾಡಿ ಬಾ ಎಂದದ್ದು ಅವನಿಗೆ ಗೊತ್ತಾಗಲಿಲ್ಲ.

ಸೋಮವಾರ ಬೆಳಗ್ಗೆ ಮಿಲೇನಾ ಕಾಫಿಯ ಮುಂದೆ ಕೂತಿದ್ದಳು. ಮೇಜಿನ ಮೇಲೆ ಅವಳ ನಕ್ಷೆ ಬಿಚ್ಚಿಕೊಂಡಿತ್ತು. ಎರ್ಮಾನ್ನೊ ಅವಳ ಹಿಂದೆ ಬಂದು ನಿಂತ. ಕೆಂಪು ಗೆರೆಯ ಮೇಲೆ ಅವನ ದೃಷ್ಟಿ ನೆಟ್ಟಿತು. ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಮೇಜಿನ ಮೇಲಿಟ್ಟ.

"ನಾನೂ ಹೀಗೇ ಬರೆದಿದ್ದೆ," ಎಂದ.

ಅವಳು ತಲೆಯೆತ್ತಿದಳು.

ಮೂವತ್ತು ವರ್ಷ ನುಂಗಿದ್ದನ್ನು ಅವನು ನಿಂತಲ್ಲೇ ಹೇಳಿದ. ಎಂಬತ್ತರ ಬೇಸಿಗೆಯಲ್ಲಿ ದೊನಾತೊನ ಅಪ್ಪನಿಗೆ ದೊಡ್ಡ ಹಜಾರ ಬೇಕಾಗಿತ್ತು. ಆಗ ಆ ಜಾಗದಲ್ಲಿ ಇದ್ದದ್ದು ಕಲ್ಲಿನ ಗೋಡೆ. ಕಮಾನಿನ ಅರ್ಧ ಭಾರ ಅದರ ಮೇಲಿತ್ತು. ಎರ್ಮಾನ್ನೊಗೆ ಇಪ್ಪತ್ತೇಳು ವರ್ಷ, ಕೆಲಸ ಹೊಸದು, ಜಂಬ ಹೆಚ್ಚು. ತೆಗೆಯಬಹುದು ಎಂದು ಸಹಿ ಹಾಕಿದ. ನವೆಂಬರಿನಲ್ಲಿ ಭೂಮಿ ನಡುಗಿದಾಗ ಆ ಮನೆಯಲ್ಲಿ ಬಿದ್ದದ್ದು ಅದೊಂದೇ ಚಾವಣಿ. ಅದರ ಕೆಳಗೆ ಅಸ್ಸೂಂತಾ ಇದ್ದಳು. ಊರಿಗೆ ಊರೇ ಬಿದ್ದಿರುವಾಗ ಒಂದು ಚಾವಣಿಯ ಬಗ್ಗೆ ಯಾರೂ ಕೇಳಲಿಲ್ಲ. ಆಮೇಲೆ ಅವಳ ಗಂಡ ಕೈಗೆ ಸಿಕ್ಕಿದ ಇಟ್ಟಿಗೆಯಲ್ಲಿ ಗೋಡೆ ಎಬ್ಬಿಸಿ, ಅದರ ಮೇಲೇ ಕಮಾನನ್ನು ಮತ್ತೆ ಕಟ್ಟಿ ಮುಚ್ಚಿಬಿಟ್ಟ.

"ಅವನೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ," ಎಂದ ಎರ್ಮಾನ್ನೊ.

ದೊನಾತೊ ಮುಚ್ಚಿಟ್ಟ ಕಾಗದದಲ್ಲಿ ಯಾರ ಸಹಿ ಇತ್ತೆಂಬುದು ಮಿಲೇನಾಳಿಗೆ ಆ ಕ್ಷಣ ಅರ್ಥವಾಯಿತು. ಕಾರಿನ ಕೀಲಿ ತೆಗೆದುಕೊಂಡು ಓಡಿದಳು.

ಬೀದಿಯ ತಿರುವಿನಲ್ಲೇ ಸುತ್ತಿಗೆಯ ಸದ್ದು ಕೇಳಿಸಿತು.

ಗಾರೆಯವನು ಕಾರ್ಮಿನೆ ಮತ್ತು ಅವನ ಇಬ್ಬರು ಆಳುಗಳು ಆಗಲೇ ಮೂರು ಸಾಲು ಇಟ್ಟಿಗೆ ಬಿಚ್ಚಿದ್ದರು. ಪಕ್ಕದಲ್ಲಿ ಅವಳದೇ ನಕ್ಷೆಯನ್ನು ಮೊಳೆ ಹೊಡೆದು ನೇತುಹಾಕಿದ್ದರು. ನಿಲ್ಲಿಸಿ ಎಂದು ಅವಳು ಕೂಗಿದಳು. ಸುತ್ತಿಗೆ ನಿಂತಿತು.

ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಜರಡಿಯಿಂದ ಹಿಟ್ಟು ಉದುರುವಂಥ ಸದ್ದು. ಕಮಾನಿನ ಸಂದಿಗಳಿಂದ ಮರಳು ಸುರಿಯುತ್ತಿತ್ತು.

"ಅತ್ತೆ ಎಲ್ಲಿ?"

ಕಾರ್ಮಿನೆ ಒಳಗೆ ಕೈ ತೋರಿಸಿದ. ಅಡುಗೆಮನೆಗೆ ಇದ್ದದ್ದು ಒಂದೇ ದಾರಿ, ನಡುಕೋಣೆಯ ಮೂಲಕ. ಇಮ್ಮಕೊಲಾತಾ ಆಚೆ ಬದಿಯಲ್ಲಿ, ಬಿಸಿಲು ನೋಡಲೆಂದು ಗೋಡೆಗೆ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

ಆಸರೆ ಕಂಬ ಕೊಡಿ ಎಂದು ಗಂಡಸರಿಗೆ ಹೇಳಿ ಮಿಲೇನಾ ಒಳಗೆ ನುಗ್ಗಿದಳು. ಯೋಚಿಸಿದ್ದರೆ ಹೋಗುತ್ತಿರಲಿಲ್ಲವೇನೋ. ಮುದುಕಿಯ ತೋಳು ತನ್ನ ಕೊರಳಿಗೆ ಹಾಕಿಕೊಂಡು ಎಬ್ಬಿಸಿದಳು. ಆ ಮಂಡಿಗಳು ಬೇಗ ನಡೆಯಲಾರವು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ... ಕಾರ್ಮಿನೆಯ ಕಂಬಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಅವರು ಹೊಸ್ತಿಲು ದಾಟಿದ ಮೇಲೆ ಹಿಂದೆ ಒಂದು ಕಲ್ಲು ಬಿತ್ತು. ಆಮೇಲೆ ಆಚೆ ಮೂಲೆಯ ಕಮಾನು ಪೂರ್ತಿ ಕುಸಿಯಿತು. ದೂಳು ಇಳಿದಾಗ ಕುರ್ಚಿ ಕಾಣಿಸಲಿಲ್ಲ.

ದೊನಾತೊಗೆ ಕಾರ್ಮಿನೆ ಫೋನು ಮಾಡಿದಾಗ ಬಸ್ಸಿನಲ್ಲಿ ಹತ್ತೊಂಬತ್ತು ಮಕ್ಕಳಿದ್ದರು. ಅಷ್ಟೂ ಜನರನ್ನು ಶಾಲೆಯ ಬಾಗಿಲಿಗೆ ಇಳಿಸಿ, ಎಣಿಸಿ, ಆಮೇಲೆ ಓಡಿ ಬಂದ. ಬೀದಿಯಲ್ಲಿ ಅತ್ತೆಯನ್ನು ಕಂಡು ಅವಳ ಕಾಲ ಬಳಿ ಕುಸಿದು ಕೂತ. ನಂತರ ದೂಳು ಮೆತ್ತಿದ ಮಿಲೇನಾಳ ಮುಖ ನೋಡಿದ. ಏನೋ ಹೇಳಹೋದ.

"ಅಪ್ಪ ಹೇಳಿದ್ರು," ಎಂದಳು ಅವಳು. "ಎಲ್ಲಾನೂ."

ಅವನು ಕಣ್ಣು ಮುಚ್ಚಿದ.

"ಅಪ್ಪ ಸಾಯೋವಾಗ ಆ ಕಾಗದ ನನ್ನ ಕೈಗಿಟ್ಟ. ನೀನು ಬಂದ ಮೇಲೆ ಸುಟ್ಟುಬಿಡೋಣ ಅಂತ ಎಷ್ಟು ಸಲ ತೆಗೆದೆ... ಸುಟ್ಟರೆ ಅಮ್ಮನಿಗೆ ಮೋಸ. ತೋರಿಸಿದ್ರೆ ನೀನು ಮತ್ತೆ ಈ ಮನೆಗೆ ಬರ್ತಿರಲಿಲ್ಲ."

"ಅದಕ್ಕೆ ನೀನೇ ಓಡಿಸಿಬಿಟ್ಟೆ."

"ಹೂಂ. ಬುದ್ಧಿ ಇಲ್ಲ ನನಗೆ."

ಅವರು ಒಬ್ಬರನ್ನೊಬ್ಬರು ನೀನು ಎಂದು ಕರೆದದ್ದು ಅದೇ ಮೊದಲು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಆಗ ಬೀದಿಯ ತುದಿಯಲ್ಲಿ ಎರ್ಮಾನ್ನೊ ಕಾಣಿಸಿದ. ಕೋಟು ಹಾಕದೆ, ಮನೆಯ ಚಪ್ಪಲಿಯಲ್ಲೇ ಗುಡ್ಡ ಹತ್ತಿ ಬಂದಿದ್ದ. ಇಮ್ಮಕೊಲಾತಾಳ ಮುಂದೆ ನಿಂತು, ಮಗಳಿಗೆ ಹೇಳಿದ್ದನ್ನೇ ಮೊದಲಿಂದ ಕೊನೆಯವರೆಗೆ ಹೇಳಿದ. ಸುತ್ತ ನೆರೆಹೊರೆಯವರೆಲ್ಲ ಕೇಳುತ್ತಿದ್ದರು. ಅವನು ದನಿ ತಗ್ಗಿಸಲಿಲ್ಲ.

ಮುದುಕಿ ದೂಳು ಏಳುತ್ತಿದ್ದ ಮನೆಯ ಬಾಗಿಲ ಕಡೆ ನೋಡಿದಳು.

"ನನ್ನ ತಮ್ಮ ಸಾಯೋ ತನಕ ಆ ಕೋಣೆ ದಾಟುವಾಗ ಓಡ್ತಿದ್ದ," ಎಂದಳು. "ಏನೋ ಇದೆ ಅಂತ ಗೊತ್ತಿತ್ತು. ಕೇಳೋ ಧೈರ್ಯ ನನಗಿರಲಿಲ್ಲ. ನಿನ್ನ ಕ್ಷಮಿಸೋಳು ಅಸ್ಸೂಂತಾ, ನಾನಲ್ಲ. ಆದ್ರೆ ನಿನ್ನ ಮಗಳು ಇವತ್ತು ನನ್ನ ಎತ್ಕೊಂಡು ಬಂದ್ಳು... ಗಾಳೀಲಿ ನಿಲ್ಲಬೇಡ, ಈ ಕಡೆ ಬಾ."

ಎರ್ಮಾನ್ನೊ ಅಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಮಿಲೇನಾ ಹೊಸ ನಕ್ಷೆ ಬರೆದಳು. ನಡುಕೋಣೆಯ ಗೋಡೆ ಕಲ್ಲಿನಲ್ಲಿ, ಮೊದಲಿದ್ದ ದಪ್ಪಕ್ಕೇ ಎದ್ದಿತು. ಕಮಾನಿಗೆ ಉಕ್ಕಿನ ಪಟ್ಟಿ ಬಿತ್ತು. ಬೆಳಕಿಗಾಗಿ ಮನೆಯ ಹಿಂಬದಿಯಲ್ಲಿ ಖಾಲಿ ಬಿದ್ದಿದ್ದ ಹಳೆಯ ಕುದುರೆ ಲಾಯವೇ ಅಡುಗೆಮನೆಯಾಯಿತು. ತನ್ನ ಲೆಕ್ಕವನ್ನು ಅವಳು ಈ ಸಲ ಇನ್ನೊಬ್ಬ ಎಂಜಿನಿಯರಿಗೆ ಎರಡೆರಡು ಬಾರಿ ತೋರಿಸಿದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅತ್ತೆ, ದೊನಾತೊ, ಮಿಲೇನಾ ಮೂವರೂ ಹೊಸ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮೇಜು ನಡುಗಿತು. ನೀರಿನ ಹೂಜಿ ತಾನಾಗಿ ಸರಿಯಿತು. ನೆಲದಡಿಯಿಂದ ಲಾರಿ ಹೋದಂಥ ಗುಡುಗು.

ಯಾರೂ ಕೂಗಲಿಲ್ಲ. ಅತ್ತೆಯನ್ನು ನಡುವೆ ಹಿಡಿದುಕೊಂಡು ಅಡುಗೆಮನೆಗೆ ಇಟ್ಟಿದ್ದ ಹೊಸ ಬಾಗಿಲಿನಿಂದ ನೇರ ಹೊರಗೆ ಬಂದರು. ಬೀದಿ ತುಂಬ ಜನ ನಿಂತಿದ್ದರು. ಎಲ್ಲರೂ ತಂತಮ್ಮ ಮನೆಯ ಕಡೆ ನೋಡುತ್ತಿದ್ದರು. ದೊನಾತೊನ ಮುಖ ಸುಣ್ಣದಂತಾಗಿತ್ತು. ಮಿಲೇನಾ ಮನಸ್ಸಿನಲ್ಲೇ ಅಂಕಿಗಳನ್ನು ಮತ್ತೆ ಕೂಡಿಸತೊಡಗಿದಳು. ನನ್ನ ಲೆಕ್ಕ... ನನ್ನ ಸಹಿ...

ಒಂದು ಗಂಟೆ ಕಾದರು. ಮತ್ತೆ ಭೂಮಿ ಅಲುಗಲಿಲ್ಲ. ಅವಳು ಒಬ್ಬಳೇ ಒಳಗೆ ಹೋಗಿ ನಡುಕೋಣೆಯನ್ನು ಮೂಲೆ ಮೂಲೆ ನೋಡಿ ಬಂದಳು. ಒಂದು ಗೆರೆಯೂ ಬಿದ್ದಿರಲಿಲ್ಲ.

ಅವಳು ಹೊರಬರುವಷ್ಟರಲ್ಲಿ ನೆರೆಯವರು ಕರಗಿದ್ದರು, ಅತ್ತೆ ಪಕ್ಕದ ಮನೆಯ ಜಗಲಿಯಲ್ಲಿ ಹರಟುತ್ತಿದ್ದಳು. ದೊನಾತೊ ಮಾತ್ರ ಬೀದಿಯ ನಡುವೆ ನಿಂತೇ ಇದ್ದ. ಇಷ್ಟು ವರ್ಷ ಈ ಮನೆಯಲ್ಲಿ ಒಂದು ದಿನವೂ ಪೂರ್ತಿ ಕಣ್ಣು ಮುಚ್ಚಿ ಮಲಗಿಲ್ಲ ಎಂದು ಹೇಳಿದ. ನೀನು ಒಳಗೆ ಹೋದ ಹತ್ತು ನಿಮಿಷ ಉಸಿರೇ ನಿಂತಿತ್ತು ಎಂದ.

"ನೀನಿಲ್ಲದ ಮನೆ ನಿಂತರೆಷ್ಟು, ಬಿದ್ದರೆಷ್ಟು," ಎಂದ ಆಮೇಲೆ, ನೆಲ ನೋಡುತ್ತ.

ಮಿಲೇನಾಳ ಕಣ್ಣು ತುಂಬಿತು. ಅವನ ತಣ್ಣಗಾದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಬಾ, ಒಳಗೆ ಹೋಗೋಣ. ನಾನೂ ಬರ್ತೀನಿ."

"ಇವತ್ತಿಗೆ ಮಾತ್ರಾನಾ?"

"ಇವತ್ತಿಗೆ ಅಂತ ಯಾರು ಹೇಳಿದ್ರು?"